ಕ್ಯಾಲೆಂಡರ್, ಬಿಲ್ಲಿಂಗ್ಸ್, ಥರ್ಮಾಮೀಟರ್: ಕ್ಯಾಥೊಲಿಕ್ ದಂಪತಿಗೆ ಯಾವುದು?

ಮಕ್ಕಳ ನಡುವೆ ಅಂತರ ಬೇಕು, ಗರ್ಭನಿರೋಧಕ ಬೇಡ ಎನ್ನುವವರಿಗೆ ಧರ್ಮಸಭೆ ಬಾಗಿಲು ಮುಚ್ಚಿಲ್ಲ. ಕೃತಕ ವಿಧಾನಗಳನ್ನು ನಿರಾಕರಿಸಿದ 1968ರ ವಿಶ್ವಪತ್ರದಲ್ಲೇ (ಇಡೀ ಧರ್ಮಸಭೆಗೆ ಬರೆದ ಪತ್ರ) ಪೋಪ್ ಆರನೇ ಪೌಲ್, ಗಂಭೀರ ಕಾರಣವಿದ್ದರೆ ಸಹಜ ಋತುಚಕ್ರವನ್ನು ಅನುಸರಿಸಬಹುದು, ಅಂದರೆ ಗರ್ಭ ನಿಲ್ಲಬಹುದಾದ ದಿನಗಳಲ್ಲಿ ದಂಪತಿ ದೂರವಿರಬಹುದು ಎಂದರು. ಆ ದಿನಗಳನ್ನು ಗುರುತಿಸುವುದು ಹೇಗೆ ಎಂಬುದಕ್ಕೆ ಉತ್ತರ ವಿಜ್ಞಾನದ್ದು.

ಕ್ಯಾಲೆಂಡರ್ ಲೆಕ್ಕ ಹಳೆಯದು. ಹಿಂದಿನ ತಿಂಗಳುಗಳ ಮುಟ್ಟನ್ನು ನೋಡಿ ಮುಂದಿನ ಫಲವಂತಿಕೆಯ ದಿನಗಳನ್ನು ಊಹಿಸುತ್ತದೆ. ದೇಹ ಪಂಚಾಂಗ ನೋಡಿ ನಡೆಯುವುದಿಲ್ಲವಲ್ಲ! ಮುಟ್ಟು ಏರುಪೇರಾಗುವವರು ಇದನ್ನು ಬಿಡುವುದೇ ಲೇಸು.

1950ರ ದಶಕದಲ್ಲಿ ಮೆಲ್ಬರ್ನ್‌ನ ವೈದ್ಯ ಜಾನ್ ಬಿಲ್ಲಿಂಗ್ಸ್ ರೂಪಿಸಿದ ವಿಧಾನದಲ್ಲಿ ಗರ್ಭಕಂಠದ ಲೋಳೆಯನ್ನು ದಿನವೂ ಗಮನಿಸಬೇಕು. ಅದು ತೆಳುವಾಗಿ, ಜಾರುವಂತಾದರೆ ಫಲವಂತಿಕೆಯ ದಿನಗಳು ಬಂದವೆಂದು ಅರ್ಥ. ಅಂಡಾಣುವಿನ ಆಯಸ್ಸು ಒಂದು ದಿನ. ವೀರ್ಯಾಣು ಐದು ದಿನ ಬದುಕಬಲ್ಲದು. ಆದ್ದರಿಂದ ಈ ಮುನ್ಸೂಚನೆಗೆ ಬೆಲೆಯಿದೆ. ಉಪಕರಣ ಬೇಡ, ಖರ್ಚಿಲ್ಲ. ಸೋಂಕಿದ್ದಾಗ ಮಾತ್ರ ಗೊಂದಲ.

ಮೂರನೆಯದಾದ ಥರ್ಮಾಮೀಟರ್ ವಿಧಾನದಲ್ಲಿ ಲೋಳೆಯ ಜೊತೆಗೆ ಬೆಳಗಿನ ಮೈಬಿಸಿಯನ್ನೂ ಬರೆದಿಡುತ್ತಾರೆ. ಅಂಡೋತ್ಸರ್ಗದ (ಅಂಡಾಣು ಬಿಡುಗಡೆಯಾಗುವುದು) ನಂತರ ಅದು ಸುಮಾರು 0.2 ಡಿಗ್ರಿ ಸೆಲ್ಸಿಯಸ್ ಅಥವಾ ತುಸು ಹೆಚ್ಚು ಏರುತ್ತದೆ. ಲೋಳೆ ಮುಂದಾಗುವುದನ್ನು ಹೇಳಿದರೆ, ಉಷ್ಣತೆ ಆಗಿಹೋದದ್ದನ್ನು ಖಚಿತಪಡಿಸುತ್ತದೆ. 2007ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನದಲ್ಲಿ ನಿಯಮ ತಪ್ಪದೆ ಪಾಲಿಸಿದ 100 ಮಹಿಳೆಯರಿಗೆ ವರ್ಷಕ್ಕೆ 0.4ರಷ್ಟು ಮಾತ್ರ ಅನಪೇಕ್ಷಿತ ಗರ್ಭಗಳಾದವು.

ನನ್ನ ಮತ ಇದಕ್ಕೇ. ಆದರೆ ರಾತ್ರಿ ಪಾಳಿಯವರಿಗೆ, ಎಳೆಮಗುವಿನಿಂದ ನಿದ್ದೆಗೆಟ್ಟವರಿಗೆ ಉಷ್ಣತೆಯ ಲೆಕ್ಕ ತಪ್ಪುತ್ತದೆ. ಅವರಿಗೆ ಬಿಲ್ಲಿಂಗ್ಸ್ ವಾಸಿ. ಯಾವುದನ್ನೇ ಆರಿಸಿಕೊಳ್ಳಿ, ತರಬೇತಿ ಪಡೆದವರಿಂದ ಕಲಿಯಿರಿ. ಚಾರ್ಟ್ ತುಂಬುವ ಕೆಲಸವನ್ನು ಗಂಡನೂ ಹಂಚಿಕೊಳ್ಳಲಿ.