ನಾಲಿಗೆಯಡಿ ಐದು ನಿಮಿಷ: ಮುಂಬೈಯ ಒಂದು ಓಎಸ್‌ಟಿ ಕೇಂದ್ರ

ಓಎಸ್‌ಟಿ ಅಂದರೆ ಮಾದಕದ ಬದಲು ಔಷಧಿ ಕೊಟ್ಟು ಚಟ ಹಿಡಿತಕ್ಕೆ ತರುವ ಚಿಕಿತ್ಸೆ. ಇಲ್ಲಿ ಸಿಗುವುದು ಬ್ರೌನ್ ಶುಗರ್ (ಕಚ್ಚಾ ಹೆರಾಯಿನ್) ಚಟಕ್ಕೆ ಬದಲಿ ಮಾತ್ರೆ, ಹೊಸ ಸಿರಿಂಜ್, ಕೀವಾದ ಗಾಯಕ್ಕೆ ಡ್ರೆಸ್ಸಿಂಗ್. ಎಲ್ಲವೂ ಪುಕ್ಕಟೆ. ಸೆಂಟ್ರಲ್ ಲೈನಿನ ಒಂದು ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕೇಂದ್ರದ ಹೆಸರು ಬರೆಯುತ್ತಿಲ್ಲ, ಬಾಗಿಲಲ್ಲಿ ಯಾರ ಮಗ ನಿಂತಿದ್ದಾನೆ ಅಂತ ಇಣುಕುವವರು ಈಗಲೇ ಸಾಕಷ್ಟಿದ್ದಾರೆ.

ತಾವೇ ತಂದ ಮಾಲನ್ನು ನರ್ಸ್ ಕಣ್ಣೆದುರು ಚುಚ್ಚಿಕೊಳ್ಳುವ ಕೋಣೆ ಬರ್ನ್‌ನಲ್ಲಿ 1986ರಲ್ಲಿ, ಸಿಡ್ನಿಯಲ್ಲಿ 2001ರಲ್ಲಿ, ವ್ಯಾಂಕೂವರ್‌ನಲ್ಲಿ 2003ರಲ್ಲಿ ತೆರೆಯಿತು. ಭಾರತದಲ್ಲಿ ಅಂಥದ್ದಿಲ್ಲ. ಇಲ್ಲಿ ನರ್ಸ್ ಎದುರು ತೆಗೆದುಕೊಳ್ಳುವುದು ಆ ಬದಲಿ ಮಾತ್ರೆ, ಬ್ಯುಪ್ರೆನಾರ್ಫಿನ್. ಸಿರಿಂಜ್ ಕೈಗೆ ಕೊಟ್ಟು ಕಳಿಸುತ್ತಾರೆ, ಚುಚ್ಚಿಕೊಳ್ಳುವುದು ಮಾತ್ರ ಅದೇ ರೈಲು ಹಳಿಯ ಪಕ್ಕ. "ಇವರೇ ಸೂಜಿ ಹಂಚಿ ಹಾಳು ಮಾಡ್ತಾರೆ" ಅನ್ನುವ ಬಿಲ್ಡಿಂಗಿನವರಿಗೆ ಒಂದು ಮಾತು: 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಸೋಂಕು ತಡೆಯಲು ಹೀಗೆ ಸೂಜಿ ಹಂಚುವುದು ಅಪರಾಧವಲ್ಲ. ಹಳೇ ಸೂಜಿ ವಾಪಸ್ ಬಂದು ಬಿಳಿ ಡಬ್ಬಿಗೆ ಬಿದ್ದಷ್ಟೂ ನಿಮ್ಮ ಗಟಾರದಲ್ಲಿ ಸಿಗುವುದು ಕಡಿಮೆ.

ಕೌಂಟರಿನ ಕೆಲಸ ಅಚ್ಚುಕಟ್ಟು. ನರ್ಸ್ ಸ್ಟ್ರಿಪ್ ಒಡೆದು ಮಾತ್ರೆಯನ್ನು ಒರಟಾಗಿ ಪುಡಿಮಾಡಿ ನಾಲಿಗೆಯಡಿ ಸುರಿಯುತ್ತಾರೆ. ಇಡೀ ಮಾತ್ರೆ ಕೊಟ್ಟರೆ ಕೆಲವರು ಕೆನ್ನೆಯಲ್ಲಿ ಅಡಗಿಸಿ ಹೊರಗೆ ಮಾರುತ್ತಾರೆ, ಅದಕ್ಕೇ ಪುಡಿ. ಐದು ನಿಮಿಷವಾದರೂ ಬಾಯಿ ಮುಚ್ಚಿ ಕೂರಬೇಕು. ನುಂಗಿದರೆ ಬಹುಪಾಲು ಲಿವರಿನಲ್ಲೇ ಮುಗಿದುಹೋಗುತ್ತದೆ. ಬಾಯಿ ಒಣಗಿದ್ದರೆ ಮೊದಲೇ ಒಂದು ಗುಟುಕು ನೀರು ಕುಡಿಯಿರಿ. ಕರಗಿದ ಮೇಲೆ ಬಾಯಿ ಮುಕ್ಕಳಿಸಿ, ಬ್ರಷ್ ಮಾಡಲು ಒಂದು ಗಂಟೆ ಬಿಡಿ. ಇಲ್ಲವಾದರೆ ಹಲ್ಲು ಕೆಡುತ್ತದೆ.

ಮೊದಲ ದಿನ ಅವಸರ ಬೇಡ. ಕೊನೇ ಸಲ ಚುಚ್ಚಿಕೊಂಡು ಎಂಟು ಗಂಟೆಯಾದರೂ ಕಳೆದು, ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು ಶುರುವಾಗಿರಬೇಕು. ಅದಕ್ಕೂ ಮೊದಲೇ ಕೊಟ್ಟರೆ ಮಾತ್ರೆ ಹೆರಾಯಿನ್ನನ್ನು ಅದರ ಜಾಗದಿಂದ ತಳ್ಳಿ ತಾನು ಕೂರುತ್ತದೆ, ಗಂಟೆಯೊಳಗೆ ವಾಂತಿ, ಹೊಟ್ಟೆ ಹಿಂಡುವುದು, ಬೆವರು. ಹುಡುಗ "ಮಾತ್ರೆ ಒಗ್ಗಲಿಲ್ಲ" ಅಂತ ಎದ್ದು ಹೋದರೆ ಮತ್ತೆ ಬರುವುದಿಲ್ಲ. ಈ ಕೇಂದ್ರದವರು 2 ಮಿಲಿಗ್ರಾಂ ಕೊಟ್ಟು ಎರಡು ಗಂಟೆ ಬೆಂಚಿನ ಮೇಲೆ ಕೂರಿಸಿ, ಬೇಕಾದರೆ ಇನ್ನೊಂದು ಕೊಡುತ್ತಾರೆ. ಆ ತಾಳ್ಮೆಗೇ ಪೂರ್ತಿ ಅಂಕ.

ಎಡವುವುದು ಅದರ ಮುಂದೆ. 4 ಮಿಲಿಗ್ರಾಂಗೆ ತಂದು ಅಲ್ಲೇ ನಿಲ್ಲಿಸುತ್ತಾರೆ, "ಕಮ್ಮಿ ಇದ್ದರೇ ಒಳ್ಳೇದು" ಎಂಬ ಭಾವನೆ. ದಿನಪೂರ್ತಿ ಹಿಡಿದಿಡಲು ಹೆಚ್ಚಿನವರಿಗೆ 8 ಅಥವಾ ಮೇಲೆ ಬೇಕು. ಸಂಜೆ ಏಳಕ್ಕೆ ಮೈ ಎಳೆಯುತ್ತದೆ, ಅವನು ಮತ್ತೆ ಹಳಿಯ ಕಡೆ. ಆಗ ಎಲ್ಲರೂ "ಗರ್ದುಲ್ಲಾ (ಬ್ರೌನ್ ಶುಗರ್ ಚಟದವ) ಸುಧಾರಿಸಲ್ಲ" ಅನ್ನುತ್ತಾರೆ. ಸುಧಾರಿಸಬೇಕಾಗಿದ್ದದ್ದು ಡೋಸು. ಕೇಳಿ ಹೆಚ್ಚಿಸಿಕೊಳ್ಳಿ. ಕುಡಿತ, "ಬಟನ್" ಅನ್ನುವ ನಿದ್ರೆ ಗೋಲಿ ಇದ್ದರೆ ಮುಚ್ಚಿಡಬೇಡಿ, ಈ ಮಾತ್ರೆ ಜೊತೆ ಅವು ಸೇರಿದರೆ ಉಸಿರು ನಿಲ್ಲಬಹುದು.

ಸಮಯವೂ ಸರಿಯಿಲ್ಲ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡು. ಹೋಟೆಲಿನ ನಮ್ಮ ಹುಡುಗರಿಗೆ ಅದು ತಿಂಡಿ, ಊಟದ ಹೊತ್ತು. ಬಿಡುವು ಸಿಗುವುದೇ ಮೂರರಿಂದ ಐದು. ದಿನಾ ಬಂದು ತೆಗೆದುಕೊಳ್ಳಬೇಕಾದ ಔಷಧಿಗೆ ಈ ವೇಳೆ ಯಾರು ಇಟ್ಟರೋ! ಫಾರಂ ಮರಾಠಿ, ಹಿಂದಿಯಲ್ಲಿ ಮಾತ್ರ. ಧಾರಾವಿಯ ಕಲಬುರ್ಗಿ ಕಡೆಯವರು ಹಿಂದಿ ಮಾತಾಡಿಯಾರು, ಓದಲು ತಡವರಿಸುತ್ತಾರೆ.

ಓವರ್‌ಡೋಸ್ ಆದವನ ಉಸಿರು ಮರಳಿಸುವ ಚುಚ್ಚುಮದ್ದು ನಲೋಕ್ಸೋನ್, ಅದರ 0.4 ಮಿಲಿಗ್ರಾಂ ಆಂಪೂಲ್ ಕಪಾಟಿನಲ್ಲಿದೆ, ಮಧ್ಯಾಹ್ನ ಎರಡು ಗಂಟೆಗೆ ಕಪಾಟಿಗೆ ಬೀಗ. ಓವರ್‌ಡೋಸ್ ಆಗುವುದು ರಾತ್ರಿ. ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಉಸಿರು ಅಪರೂಪ: 108ಕ್ಕೆ ಫೋನ್ ಮಾಡಿ, ಐದು ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಕೊಡುತ್ತಿರಿ. ಉಪ್ಪುನೀರು ಚುಚ್ಚುವುದು, ಕೆನ್ನೆಗೆ ಬಾರಿಸುವುದು ಹೊತ್ತು ಕಳೆಯಲಷ್ಟೇ.

ನಮ್ಮವರ ದೊಡ್ಡ ಮದ್ದು "ಊರಿಗೆ ಕಳಿಸಿಬಿಡು". ತಿಂಗಳು ಊರಲ್ಲಿದ್ದರೆ ಮೈ ಹಳೇ ತಾಕತ್ತು ಮರೆತಿರುತ್ತದೆ, ನೆನಪು ಮರೆತಿರುವುದಿಲ್ಲ. ದಾದರ್ ಸ್ಟೇಷನ್ನಿನಲ್ಲಿ ಇಳಿದ ದಿನವೇ ಹಳೇ ಅಳತೆ ಚುಚ್ಚಿಕೊಂಡರೆ ಅಲ್ಲಿಗೆ ಮುಗಿಯಿತು. ಜಾತ್ರೆಗೆ ಹೋಗಲೇಬೇಕಿದ್ದರೆ ವಾರ ಮೊದಲೇ ಕೌನ್ಸೆಲರಿಗೆ ಹೇಳಿ. ಮನೆಗೊಯ್ಯುವ ಡೋಸು ಅಥವಾ ಹತ್ತಿರದ ಓಎಸ್‌ಟಿ ಕೇಂದ್ರಕ್ಕೆ ಚೀಟಿ ಕೇಳಿ. ಎರಡೂ ಸಿಗದಿದ್ದರೆ, ವಾಪಸ್ ಬಂದವನು ಮೊದಲು ಕಾಲಿಡಬೇಕಾದ್ದು ಈ ಬೆಂಚಿಗೆ. ನಾಲ್ಕೈದು ದಿನ ತಪ್ಪಿದ್ದರೆ ಹಳೇ ಡೋಸು ಒಮ್ಮೆಲೇ ಕೊಡುವುದಿಲ್ಲ, ಮತ್ತೆ 2ರಿಂದ ಏರಿಸುತ್ತಾರೆ. ಅದಕ್ಕೆ ಜಗಳಕ್ಕೆ ನಿಲ್ಲಬೇಡಿ.