ಡಿಕ್ರಿ ತರ್ಜುಮೆ ಮಾಡಿಸಿದ ಬಳ್ಳಾರಿಯ ಟೈಪಿಂಗ್ ಅಂಗಡಿ: ಐದಕ್ಕೆ ನಾಲ್ಕು

ಬಳ್ಳಾರಿಯಲ್ಲಿ ಕೋರ್ಟಿಗೆ ಹೋಗೋ ದಾರಿಯಲ್ಲಿ ಬೇವಿನ ಮರದ ಕೆಳಗೆ ಒಂದು ಟೈಪಿಂಗ್ ಅಂಗಡಿ ಇದೆ. ಬೋರ್ಡಿನ ಬಣ್ಣ ಹೋಗಿ ‘ಜೆರಾಕ್ಸ್’ ಅನ್ನೋದಷ್ಟೇ ಉಳಿದಿದೆ. ಒಳಗೆ ಒಬ್ಬರೇ, ವಯಸ್ಸಾದವರು. ಎಲ್ಲರೂ ‘ಟೈಪಿಸ್ಟ್ ಸಾರ್’ ಅಂತಾರೆ.

ನಾನು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯೋಳು. ತಂಗಿ ಅಮೆರಿಕದಲ್ಲಿದ್ದಾಳೆ, ಅಲ್ಲಿನ ಪೌರತ್ವ, ಕೈಯಲ್ಲಿ ಓಸಿಐ ಕಾರ್ಡು (ವಿದೇಶಿ ಪೌರತ್ವ ತಗೊಂಡ ಭಾರತ ಮೂಲದವರಿಗೆ ಕೊಡೋದು). ಇಲ್ಲಿಂದ ಮಗುವನ್ನು ದತ್ತು ತಗೊಳ್ಳೋಕೆ ಕಾರಾ, ಅಂದ್ರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರದ ದಾರಿ ಹಿಡಿದಿದ್ದಾಳೆ. ಒಂಟಿ ಹೆಂಗಸು, ವಯಸ್ಸು 43. ಒಂಟಿಯಾಗಿ ಅರ್ಜಿ ಹಾಕೋರಿಗೆ 40 ದಾಟಿದ್ರೆ ಎರಡು ವರ್ಷದೊಳಗಿನ ಮಗು ಸಿಗಲ್ಲ. ಎರಡರಿಂದ ನಾಲ್ಕು ವರ್ಷದ ಮಗು ಬೇಕಂದ್ರೆ 45 ಗಡಿ. ಅದಕ್ಕೇ ಅವಳಿಗೆ ಒಂದೊಂದು ತಿಂಗಳೂ ಲೆಕ್ಕ. ಬಳ್ಳಾರಿಯಿಂದ ಎರಡು ಕಾಗದ ಬೇಕಿತ್ತು: ತಂಗಿಯ ವಿಚ್ಛೇದನದ ಡಿಕ್ರಿಗೆ (ಕೋರ್ಟಿನ ಆದೇಶ) ಇಂಗ್ಲಿಷ್ ತರ್ಜುಮೆ, ಮತ್ತೆ ಅವಳಿಗೇನಾದರೂ ಆದ್ರೆ ಮಗುವನ್ನು ನಾನು ನೋಡಿಕೊಳ್ತೀನಿ ಅಂತ ಮುಚ್ಚಳಿಕೆ.

ಮೊದಲು ಹೋಗಿದ್ದು ಬೇರೆ ಅಂಗಡಿಗೆ, ಹೆಸರು ಬೇಡ. ‘ದತ್ತಕ ಪತ್ರ ಬರೆಸಿ ರಿಜಿಸ್ಟರ್ ಮಾಡಿಸಿಬಿಡಿ, ಕಾರಾ ಗೀರಾ ಏನೂ ಬೇಡ’ ಅಂದು 1,500 ಅಡ್ವಾನ್ಸ್ ಇಸ್ಕೊಂಡ್ರು. ರಾತ್ರಿ ಫೋನಲ್ಲಿ ತಂಗಿ ಬೈದಿದ್ದು ಬೈದಿದ್ದೇ. ಅವಳ ಹಾದಿಯಲ್ಲಿ ಆ ಪತ್ರಕ್ಕೆ ಬೆಲೆಯೇ ಇಲ್ಲವಂತೆ. ಮೊದಲು ಹೋಮ್ ಸ್ಟಡಿ (ದತ್ತು ತಗೊಳ್ಳೋರ ಮನೆ, ಬದುಕು ನೋಡಿ ಬರೆಯೋ ವರದಿ), ಅಲ್ಲಿನ ಸರ್ಕಾರದ ಒಪ್ಪಿಗೆ, ಕಾರಾದ ಎನ್‌ಒಸಿ. ಕೊನೆಗೆ ದತ್ತು ಆದೇಶ ಕೊಡೋದು ಮಗು ಇರೋ ಜಿಲ್ಲೆಯ ಡಿಸಿ. 2022ರ ಸೆಪ್ಟೆಂಬರ್‌ಗೆ ಮುಂಚೆ ಅದು ಕೋರ್ಟಿನ ಕೆಲಸವಾಗಿತ್ತು. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಟೈಪಿಸ್ಟ್ ಸಾರ್ ಕೇಳಿದ ಮೊದಲ ಮಾತು: ‘ಅಕ್ಕಾರ, ಕೋರ್ಟಿನ ನಕಲು ತಂದೀರೇನು? ಫೋನ್ನಾಗಿನ ಫೋಟೋ ನೋಡಿ ನಾ ಟೈಪ್ ಮಾಡಂಗಿಲ್ಲ.’ ನಕಲು ಪಡೆಯೋಕೆ ಹನ್ನೊಂದು ದಿನ ಹೋಯ್ತು. ತಗೊಂಡು ಹೋದಾಗ ಸ್ಕೇಲ್ ಇಟ್ಟು ಸಾಲು ಸಾಲಾಗಿ ಓದಿದ್ರು, ಪಕ್ಕದಲ್ಲಿ ತಂಗಿಯ ಪಾಸ್‌ಪೋರ್ಟಿನ ಜೆರಾಕ್ಸ್. ಅಲ್ಲೇ ಸಿಕ್ಕಿತು ಎಡವಟ್ಟು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಡಿಕ್ರಿಯಲ್ಲಿ ಬರೀ ಇನಿಷಿಯಲ್, ಜೊತೆಗೆ ತಂಗಿಯ ಹೆಸರಿಗೆ ಯಾರೋ ಒಂದು ‘ಅಮ್ಮ’ ಅಂಟಿಸಿದ್ದಾರೆ. ನಮ್ಮ ಕಡೆ ಗುಮಾಸ್ತರಿಗೆ ಹೆಣ್ಣುಮಕ್ಕಳ ಹೆಸರು ‘ಅಮ್ಮ’ ಇಲ್ಲದೆ ಮುಗಿಯಲ್ಲ.

‘ತರ್ಜುಮೆಯಲ್ಲಿ ಸರಿ ಮಾಡಿಬಿಡಿ ಸಾರ್’ ಅಂದೆ.

‘ಡಿಕ್ರಿಯಾಗ ಏನೈತೋ ಅದನ್ನ ಬರೀತೀನಿ. ತಿದ್ದಿದ್ರ ಅದು ತರ್ಜುಮೆ ಅಲ್ಲ, ಫೋರ್ಜರಿ.’

ಎರಡು ಹೆಸರೂ ಒಬ್ಬಳದೇ ಅಂತ ಬೇರೆ ಅಫಿಡವಿಟ್ಟಿನ ಒಕ್ಕಣೆ ಬರೆದುಕೊಟ್ಟು, ತಂಗಿಯೇ ಅಲ್ಲಿನ ನೋಟರಿ ಎದುರು ಸಹಿ ಹಾಕಲಿ ಅಂದ್ರು. ಊರಿನ ಹೆಸರಿಗೂ ಇಂಥದ್ದೇ ಒಂದು ಟಿಪ್ಪಣಿ. ನಮಗೆ ಎಂದಿನಿಂದಲೂ ಬಳ್ಳಾರಿಯೇ, ಆದ್ರೆ 2014ರ ನವೆಂಬರ್ 1ರ ತನಕ ಇಂಗ್ಲಿಷ್ ಕಾಗದಗಳಲ್ಲಿ ‘ಬೆಲ್ಲಾರಿ’. ಎರಡೂ ಒಂದೇ ಊರು ಅಂತ ಅಮೆರಿಕದವರಿಗೆ ಯಾರು ಹೇಳಬೇಕು? ಮೊಹರು, ನಕಲು ಶುಲ್ಕದ ಮುದ್ರೆ, ಅಂಚಿನ ಗೀಚು ಯಾವುದನ್ನೂ ಬಿಡಲಿಲ್ಲ. ಓದೋಕೆ ಆಗದ ಕಡೆ ‘ಅಸ್ಪಷ್ಟ’ ಅಂತಲೇ ಹಾಕಿದ್ರು. ತರ್ಜುಮೆ ಪೂರ್ಣ, ಸರಿಯಾಗಿದೆ, ಎರಡೂ ಭಾಷೆ ನನಗೆ ಗೊತ್ತು ಅಂತ ಕೊನೆಗೆ ತಾವೇ ಸಹಿ ಮಾಡಿದ್ರು. ಅಲ್ಲಿನ ವಲಸೆ ಇಲಾಖೆ ಕೇಳೋದೂ ಅದನ್ನೇ. ಮರುಮಾತಿಲ್ಲದೆ ಪಾಸಾಯ್ತು.

ದುಡ್ಡು ಬೇಡ ಅಂದಿದ್ದೂ ಇದೆ. ದೀರ್ಘಕಾಲದ, ಅಂಟುವ, ಜೀವಕ್ಕೆ ಕುತ್ತು ತರೋ ಕಾಯಿಲೆ ಇಲ್ಲ ಅಂತ ತಂಗಿ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. ಅಲ್ಲಿ ಟಿಬಿಗೆ ಚರ್ಮದ ಪರೀಕ್ಷೆ ಮಾಡಿದ್ರೆ ಪಾಸಿಟಿವ್! ಗಾಬರಿಯಾಗಿ ನಾನು ಅಂಗಡಿಗೆ ಓಡಿದೆ, ಚಿಕ್ಕಂದಿನಲ್ಲಿ ಟಿಬಿ ಲಸಿಕೆ ಬಿಸಿಜಿ ಹಾಕಿಸಿತ್ತು ಅಂತ ಅಮ್ಮನಿಂದ ಅಫಿಡವಿಟ್ ಮಾಡಿಸೋಣ ಅಂತ. ‘ರೋಗಕ್ಕ ಅಫಿಡವಿಟ್ ನಡೆಯಂಗಿಲ್ರಿ, ಡಾಕ್ಟರನ್ನ ಕೇಳ್ರಿ’ ಅಂತ ಕಳಿಸಿದ್ರು. ಬಿಸಿಜಿ ಆದವರಿಗೆ ಚರ್ಮದ ಪರೀಕ್ಷೆ ಹಾಗೆ ಸುಳ್ಳು ಪಾಸಿಟಿವ್ ತೋರಿಸೋದುಂಟು, ರಕ್ತ ಪರೀಕ್ಷೆಗೆ ಆ ತೊಂದರೆ ಇಲ್ಲ ಅಂತ ಅಲ್ಲಿನ ಡಾಕ್ಟರೇ ಹೇಳಿದ್ರಂತೆ. ರಕ್ತದಲ್ಲಿ ನೆಗೆಟಿವ್ ಬಂತು. ಎಡ ತೋಳಿನ ಆ ಬಿಸಿಜಿ ಕಲೆ ಕಾಣಬಾರದು ಅಂತ ಕಾಲೇಜಿಗೆಲ್ಲ ಉದ್ದ ತೋಳಿನ ಕುಪ್ಪಸ ಹಾಕ್ಕೊಂಡು ಹೋಗ್ತಿದ್ದೋಳು ಅವಳು.

ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅಂದ್ರೆ: ಪ್ರಿಂಟರ್ ಪ್ರತಿ ಹಾಳೆಯ ಬಲಕ್ಕೆ ಕಪ್ಪು ಗೆರೆ ಎಳೆಯುತ್ತೆ, ಮೂರು ಸಲ ತೆಗೆಸಿದೆ. ಫೋನ್ ಎತ್ತಲ್ಲ, ರಸೀದಿ ಕೊಡಲ್ಲ. ಇದೆಲ್ಲ ಹೋಗಲಿ ಅನ್ನಬಹುದಿತ್ತು. ಮುಚ್ಚಳಿಕೆ ಟೈಪ್ ಮಾಡ್ತಾ, ‘ಸಂಬಂಧದಾಗೇ ಒಂದು ಕೂಸು ತಗಂಡಿದ್ರ ಇಷ್ಟು ತ್ರಾಸ ಇರ್ತಿದ್ದಿಲ್ಲ’ ಅಂದ್ರು, ಅದೂ ಅಂಗಡಿ ತುಂಬ ಜನ ಇರುವಾಗ. ‘ಸಾರ್, ಎರಡನೇ ಪ್ಯಾರಾದಲ್ಲಿ ನನ್ನ ವಯಸ್ಸು ತಪ್ಪಾಗಿದೆ’ ಅಂದೆ. ನಿಜಕ್ಕೂ ತಪ್ಪಾಗಿತ್ತು, ಐದು ವರ್ಷ ಜಾಸ್ತಿ ಹಾಕಿದ್ರು.

ತರ್ಜುಮೆ ಪುಟಕ್ಕೆ 200, ಇ-ಸ್ಟ್ಯಾಂಪ್ ಮತ್ತು ನೋಟರಿ ಬೇರೆ. ಕೆಲಸ ಮುಗಿದ ಮೇಲೆ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, ಕಂಪ್ಯೂಟರಿನಿಂದ ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ ತೋರಿಸ್ತಾರೆ, ಕೇಳೋದೇ ಬೇಡ. ಹೋಗೋದಾದ್ರೆ ಹತ್ತೂವರೆ ಒಳಗೆ ಹೋಗಿ. ಆಮೇಲೆ ವಕೀಲರ ಗುಮಾಸ್ತರು ಬಂದು ಕೂತ್ರೆ ನಿಮ್ಮ ಸರದಿ ಮಧ್ಯಾಹ್ನದ ಮೇಲೇ.