ತೋಟದ ಶೆಡ್‌ಗೆ ಕಾಂಕ್ರೀಟ್ ತಳ: ನಾವೇ ಕಲಸುವುದೋ, ರೆಡಿಮಿಕ್ಸ್ ತರಿಸುವುದೋ?

3 ಮೀಟರ್ ಉದ್ದ, 2.4 ಮೀಟರ್ ಅಗಲ, 10 ಸೆಂ.ಮೀ. ದಪ್ಪದ ತಳಕ್ಕೆ 0.72 ಘನ ಮೀಟರ್ ಕಾಂಕ್ರೀಟ್ ಬೇಕು. ಕೇಳಲು ಅಲ್ಪ, ತೂಕ ಮಾತ್ರ ಸುಮಾರು 1.7 ಟನ್!

ನಾವೇ ಕಲಸಿದರೆ 1:2:4 (ಸಿಮೆಂಟ್:ಮರಳು:ಜಲ್ಲಿ) ಪ್ರಮಾಣಕ್ಕೆ 50 ಕೆ.ಜಿ.ಯ ಸುಮಾರು 5 ಚೀಲ ಸಿಮೆಂಟ್, ಜೊತೆಗೆ ಮರಳು, ಜಲ್ಲಿ. ಸಾಮಗ್ರಿ ಅಗ್ಗ, ಆದರೆ ಮಿಕ್ಸರ್ ಬಾಡಿಗೆ, ಕೂಲಿ, ಸಾಗಣೆ ಸೇರಿಸಿಯೇ ಲೆಕ್ಕ ಹಾಕಿ. ನೀರು ಹೆಚ್ಚಾದರೆ ಹರಡುವುದು ಸುಲಭ, ಬಲ ಕುಸಿಯುತ್ತದೆ. ಕೈಯಲ್ಲಿ ಕಲಸುವಾಗ ಈ ತಪ್ಪು ಬಹಳ ಸಾಮಾನ್ಯ.

ರೆಡಿಮಿಕ್ಸ್‌ನಲ್ಲಿ ಮಿಶ್ರಣ ಘಟಕದಲ್ಲೇ ಅಳೆದು ತಯಾರಾಗಿ ಲಾರಿಯಲ್ಲಿ ಬರುತ್ತದೆ, ಹಾಗಾಗಿ ಏಕರೂಪ. ಆದರೆ ಸಣ್ಣ ಲೋಡಿಗೆ ಹೆಚ್ಚುವರಿ ಶುಲ್ಕ ಬೀಳುವುದುಂಟು, ಲಾರಿ ಒಳಬರಲು ದಾರಿಯೂ ಬೇಕು. ಬಂದ ಮೇಲೆ ಕಾಯುವ ಮಾತಿಲ್ಲ. ಕೈಗಾಡಿ ತಳ್ಳಲು ಮೂರ್ನಾಲ್ಕು ಜನ ಸಿದ್ಧರಿರಲಿ.

1 ಘನ ಮೀಟರಿಗಿಂತ ಕಡಿಮೆಯಾದರೆ ನನ್ನ ಮತ ಬಾಡಿಗೆ ಮಿಕ್ಸರಿಗೆ. ದೊಡ್ಡದಾದರೆ ರೆಡಿಮಿಕ್ಸೇ ಸರಿ.

ತಯಾರಿಯಲ್ಲಿ ಮಾತ್ರ ಎರಡಕ್ಕೂ ರಿಯಾಯಿತಿ ಇಲ್ಲ: ಬೇರು, ಮೇಲ್ಮಣ್ಣು ತೆಗೆದು, ಜಲ್ಲಿ ಹಾಸಿ ಗಟ್ಟಿಯಾಗಿ ದಮ್ಮಸು ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಹಲಗೆ ಕಟ್ಟಿ ಮಟ್ಟ ನೋಡಿ. ಹಾಕಿದ ಮೇಲೆ ಕನಿಷ್ಠ 7 ದಿನ ತೇವ ಆರದಂತೆ ಕಾಪಾಡಿ.